ವಾಷಿಂಗ್ ಮೆಷಿನ್ ನಿಂತರೆ ಮೊದಲು ನೀರಿನ ದಾರಿ ನೋಡಿ

2024ರ ಮಾರ್ಚ್ ತಿಂಗಳು. ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತುತ್ತಿದ್ದ ಸಮಯ. ನಮ್ಮ ಬಿಲ್ಡಿಂಗಿನ ಸಂಪಿಗೂ ಟ್ಯಾಂಕರ್ ನೀರು ಬೀಳಲು ಶುರುವಾಗಿತ್ತು. ಅದಾಗಿ ಎರಡು ವಾರಕ್ಕೆ ನಮ್ಮ ವಾಷಿಂಗ್ ಮೆಷಿನ್ ಕೈಕೊಟ್ಟಿತು. ಬಟ್ಟೆ ಹಾಕಿ ಸ್ಟಾರ್ಟ್ ಒತ್ತಿದರೆ ಸ್ವಲ್ಪ ಹೊತ್ತು 'ಸುಂಯ್' ಅನ್ನುವುದು, ಆಮೇಲೆ ಬೀಪ್ ಹೊಡೆದು ನಿಂತುಬಿಡುವುದು. ನೋಡಲು ಬಂದ ಮೆಕ್ಯಾನಿಕ್ ಐದೇ ನಿಮಿಷದಲ್ಲಿ ಹೇಳಿಬಿಟ್ಟರು, "ಮೇಡಂ, ಬೋರ್ಡ್ ಹೋಗಿದೆ. ಬದಲಾಯಿಸಬೇಕು."

ಬೋರ್ಡ್ ಅಂದರೆ ಮೆಷಿನ್ನಿನ ಕೆಲಸವನ್ನೆಲ್ಲಾ ನಡೆಸುವ ಎಲೆಕ್ಟ್ರಾನಿಕ್ ಭಾಗ. ಅವತ್ತೇ ಸಂಜೆ ಟ್ಯಾಂಕಿನ ಬಾಲ್ ವಾಲ್ವ್ ಸರಿಮಾಡಲು ನಮ್ಮ ಬೀದಿಯ ಪ್ಲಂಬರ್ ಬಂದಿದ್ದರು. ವಯಸ್ಸಾದವರು. ಮೆಷಿನ್ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. "ಅಮ್ಮಾ, ಒಳಗೆ ನೀರು ಬರ್ತಾ ಇದೆಯಾ? ನೀರೇ ಬರದಿದ್ರೆ ಬೋರ್ಡ್ ತಾನೇ ಏನು ಮಾಡುತ್ತೆ?" ಮೆಷಿನ್ ಹಿಂದಿನ ಪೈಪ್ ಬಿಚ್ಚಿದರು. ಮೆಷಿನ್ನಿಗೆ ನೀರು ಬಿಡುವ ವಾಲ್ವಿನ ಬಾಯಲ್ಲಿ ಐದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ಜಾಲರಿ. ಅದರ ತುಂಬಾ ಕೆಂಪು ಕೆಸರು, ಮರಳಿನ ಸಣ್ಣ ಕಾಳು. ತೊಳೆದು ಹಾಕಿದ ಮೇಲೆ ಮೆಷಿನ್ ಎಂದಿನಂತೆ ಓಡಿತು.

ಅವತ್ತಿನಿಂದ ನಮ್ಮ ಮನೆಯದು, ಅಕ್ಕನ ಮನೆಯದು, ಕೆಳಗಿನ ಮನೆ ಆಂಟಿಯದು, ಹೀಗೆ ಸಾಕಷ್ಟು ಮೆಷಿನ್‌ಗಳ ಹಿಂದೆ ಬಗ್ಗಿ ನೋಡಿದ್ದೇನೆ. ನಮ್ಮ ಕಡೆ ಮನೆಗಳಲ್ಲಿ ಮೆಷಿನ್ ಕೆಡುವುದಕ್ಕಿಂತ ಜಾಸ್ತಿ ನೀರಿನ ದಾರಿ ಕೆಡುತ್ತದೆ. ನೀರು ಒಳಗೆ ಬರುವ ದಾರಿ, ಒಳಗೆ ನಿಲ್ಲುವ ಜಾಗ, ಹೊರಗೆ ಹೋಗುವ ದಾರಿ. ಈ ಮೂರನ್ನು ಕ್ರಮವಾಗಿ ನೋಡಿದರೆ ಅರ್ಧಕ್ಕರ್ಧ ತೊಂದರೆ ಮನೆಯಲ್ಲೇ ಗೊತ್ತಾಗುತ್ತದೆ. ಅದಕ್ಕೇ ಇದನ್ನು ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಶುರುಮಾಡುವ ಮುಂಚೆ ಒಂದು ಮಾತು, ದಯವಿಟ್ಟು ಇದನ್ನು ಹಾರಿಸಬೇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತುಬಿಡಿ. ನೀರಿನ ನಲ್ಲಿ ಮುಚ್ಚಿ. ಬಿಸಿನೀರಿನಲ್ಲಿ ಒಗೆಯುತ್ತಿದ್ದರೆ ಅರ್ಧ ಗಂಟೆಯಾದರೂ ಆರಲು ಬಿಡಿ. ಮೆಷಿನ್ ಮುಟ್ಟಿದಾಗ ಕೈ 'ಜುಂ' ಅಂದರೆ ಅಲ್ಲಿಗೆ ನಿಲ್ಲಿಸಿ. ಎಷ್ಟೋ ಮನೆಗಳಲ್ಲಿ ಅದು ಅರ್ಥಿಂಗ್ ಇಲ್ಲದಿರುವ ಗುರುತು. ಆಗ ಮೊದಲು ಕರೆಯಬೇಕಾದದ್ದು ಎಲೆಕ್ಟ್ರಿಷಿಯನ್‌ನನ್ನು. ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಆಯ್ತು ಅಂತ ದಿನ ತಳ್ಳುವ ಮನೆಗಳನ್ನು ನೋಡಿದ್ದೇನೆ, ನನಗೆ ನಿಜಕ್ಕೂ ಭಯವಾಗುತ್ತದೆ.

ನೀರು ತುಂಬುತ್ತಿಲ್ಲ, ಅಥವಾ ತುಂಬಾ ನಿಧಾನ

ಮೆಷಿನ್ನಿಗೆ ಒಂದು ಲೆಕ್ಕ ಇರುತ್ತದೆ. ಇಷ್ಟು ನಿಮಿಷದೊಳಗೆ ಇಷ್ಟು ನೀರು ಬರಬೇಕು. ಬರದಿದ್ದರೆ ಕೆಲಸ ನಿಲ್ಲಿಸಿ ಕೋಡ್ ತೋರಿಸುತ್ತದೆ. ಎಲ್‌ಜಿ ಮೆಷಿನ್‌ಗಳಲ್ಲಿ ಅದು 'ಐಇ', ಸ್ಯಾಮ್‌ಸಂಗ್‌ನಲ್ಲಿ '4ಇ' ಅಥವಾ '4ಸಿ'. ಬೇರೆ ಕಂಪನಿಯದಾದರೆ ಮ್ಯಾನುವಲ್‌ನ ಕೊನೆಯ ಪುಟಗಳಲ್ಲಿ ಪಟ್ಟಿ ಇರುತ್ತದೆ. ಈ ಕೋಡ್ ಹೇಳುವುದು ನೀರು ಬರಲಿಲ್ಲ ಅಂತ ಮಾತ್ರ. ಯಾಕೆ ಬರಲಿಲ್ಲ ಅಂತ ನಾವೇ ಹುಡುಕಬೇಕು.

ಮೊದಲು ನಲ್ಲಿ. ಮೆಷಿನ್ ಪೈಪ್ ಬಿಚ್ಚಿ, ಅದೇ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಪೂರ್ತಿ ತಿರುಗಿಸಿ. ಹತ್ತು ಲೀಟರ್ ಬಕೆಟ್ ಒಂದೆರಡು ನಿಮಿಷದಲ್ಲಿ ತುಂಬಿದರೆ ನಲ್ಲಿಯ ಕಡೆ ತೊಂದರೆ ಇಲ್ಲ. ನಾಲ್ಕೈದು ನಿಮಿಷ ಹಿಡಿದರೆ ಮೆಷಿನ್ನಿನ ಮೇಲೆ ತಪ್ಪು ಹೊರಿಸಬೇಡಿ.

ಮೇಲಿನ ಮಹಡಿಯವರಿಗೆ ಈ ಕಾಟ ಜಾಸ್ತಿ. ಕಾರಣ ಸರಳ. ಟ್ಯಾಂಕು ನಲ್ಲಿಗಿಂತ ಹತ್ತು ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ತಾರಸಿ ಮೇಲೆ ಟ್ಯಾಂಕು, ಅದರ ಕೆಳಗಿನ ಮಹಡಿಯಲ್ಲೇ ನಿಮ್ಮ ಮನೆ ಅಂದರೆ ಎತ್ತರ ಮೂರು ಮೀಟರ್ ಆಗಬಹುದು. ಅಂದರೆ 0.3 ಬಾರ್. ಎಷ್ಟೋ ಮೆಷಿನ್‌ಗಳು ಕನಿಷ್ಠ 0.3ರಿಂದ 1 ಬಾರ್ ಕೇಳುತ್ತವೆ. ಹಾಗಾಗಿ ಕೆಳಗಿನ ಮನೆಯಲ್ಲಿ ಚೆನ್ನಾಗಿ ಓಡುವ ಅದೇ ಮಾಡೆಲ್ ಮೇಲಿನ ಮನೆಯಲ್ಲಿ ತಿಣುಕುತ್ತದೆ. ಇದಕ್ಕೆ ಚಿಕ್ಕ ಪ್ರೆಶರ್ ಪಂಪು ಹಾಕಿಸಬೇಕು, ಇಲ್ಲವೇ ಟ್ಯಾಂಕನ್ನು ಎತ್ತರದ ಕಟ್ಟೆಯ ಮೇಲೆ ಇಡಿಸಬೇಕು. ಮೆಷಿನ್ ಕೊಳ್ಳುವ ಮುಂಚೆಯೇ ಮ್ಯಾನುವಲ್‌ನಲ್ಲಿ ಕನಿಷ್ಠ ಒತ್ತಡ ಎಷ್ಟು ಅಂತ ನೋಡಿಕೊಂಡರೆ ಇನ್ನೂ ಒಳ್ಳೆಯದು.

ನಲ್ಲಿ ಸರಿಯಿದೆ, ಆದರೂ ತುಂಬುತ್ತಿಲ್ಲ. ಈಗ ಜಾಲರಿ. ಕೆಲವು ಪೈಪ್‌ಗಳಲ್ಲಿ ನಲ್ಲಿಗೆ ಸಿಗಿಸುವ ಕಡೆಯೂ ಒಂದು ಜಾಲರಿ ಇರುತ್ತದೆ. ಇನ್ನೊಂದು ಮೆಷಿನ್ ಹಿಂದೆ ವಾಲ್ವಿನ ಬಾಯಲ್ಲಿ. ಪೈಪಿನ ನಟ್ಟನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ, ಕೆಳಗೆ ಒಂದು ಹಳೇ ಬಟ್ಟೆ ಹಾಸಿರಿ, ಪೈಪಲ್ಲಿ ಉಳಿದ ನೀರು ಚೆಲ್ಲುತ್ತದೆ. ಜಾಲರಿಯ ನಡುವೆ ಹಿಡಿದೆಳೆಯಲು ಒಂದು ಚಿಕ್ಕ ಮೂತಿ ಇರುತ್ತದೆ. ಅದನ್ನು ಇಕ್ಕಳದಲ್ಲಿ ಹಿಡಿದು ನೇರವಾಗಿ, ಮೆಲ್ಲಗೆ ಎಳೆಯಿರಿ. ಒರಟಾಗಿ ತಿರುಚಿದರೆ ಮೂತಿ ಮುರಿದು ಕೈಗೆ ಬರುತ್ತದೆ. ಹಳೇ ಟೂತ್‌ಬ್ರಷ್‌ನಿಂದ ಹಿಂದಿನ ಕಡೆಯಿಂದ ಉಜ್ಜಿ. ಹೋಗದ ಬಿಳಿ ಪೊರೆ ಇದ್ದರೆ ನಿಂಬೆರಸ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿಡಿ. ಜಾಲರಿ ತೊಂದರೆ ಕೊಡುತ್ತಿದೆ ಅಂತ ಕಿತ್ತೆಸೆಯುವವರಿದ್ದಾರೆ. ಆ ತಪ್ಪು ಮಾಡಬೇಡಿ. ಜಾಲರಿ ತಡೆಯುವ ಮರಳು ಆಮೇಲೆ ವಾಲ್ವಿನೊಳಗೆ ಹೋಗಿ ಕೂರುತ್ತದೆ. ಆಗ ವಾಲ್ವು ಪೂರ್ತಿ ಮುಚ್ಚುವುದೇ ಇಲ್ಲ.

ವಾಲ್ವು ಮುಚ್ಚುತ್ತಿದೆಯಾ ಅಂತ ತಿಳಿಯಲು ಒಳ್ಳೆಯ ಪರೀಕ್ಷೆಯೊಂದಿದೆ. ಡ್ರಮ್ ಖಾಲಿ ಮಾಡಿ, ಪ್ಲಗ್ ಕಿತ್ತು, ನಲ್ಲಿಯನ್ನು ಮಾತ್ರ ತೆರೆದಿಟ್ಟು ರಾತ್ರಿ ಮಲಗಿ. ಬೆಳಿಗ್ಗೆ ಡ್ರಮ್ಮಿನಲ್ಲಿ ನೀರು ಸೇರಿದ್ದರೆ ವಾಲ್ವು ಸೋರುತ್ತಿದೆ. ಕರೆಂಟೇ ಇಲ್ಲದಾಗ ನೀರು ಬಂದಿದೆ ಅಂದಮೇಲೆ ಬೋರ್ಡಿನ ತಪ್ಪಂತೂ ಅಲ್ಲ. ವಾಲ್ವು ಬದಲಾಯಿಸಿದರೆ ಸಾಕು. ಬೋರ್ಡಿನ ಬೆಲೆಯ ಮುಂದೆ ಅದು ಸಣ್ಣ ಖರ್ಚು.

ಜಾಲರಿ ಹಾಕುವಾಗ ಪೈಪಿನೊಳಗಿನ ರಬ್ಬರ್ ವಾಷರ್ ಜಾಗದಲ್ಲೇ ಇದೆಯಾ ನೋಡಿ. ಎಷ್ಟೋ ಸಲ ಅದು ಬಿಚ್ಚುವಾಗ ಉದುರಿರುತ್ತದೆ, ಗೊತ್ತೇ ಆಗುವುದಿಲ್ಲ. ಆಮೇಲೆ ನೆಲವೆಲ್ಲಾ ನೀರು.

ತುಂಬುತ್ತಲೇ ಇದೆ, ನಿಲ್ಲುತ್ತಿಲ್ಲ

ನೀರು ಬರುತ್ತಿದೆ, ಆದರೆ ಡ್ರಮ್ ತುಂಬುತ್ತಿಲ್ಲ. ಬಾತ್‌ರೂಮಿನ ಜಾಲಿ ಕಡೆ ಹೋಗಿ ನೋಡಿದರೆ ಅತ್ತ ನೀರು ಹೋಗುತ್ತಲೇ ಇದೆ. ಹೊರಗೆ ಹೋಗುವ ಪೈಪು ಕೆಳಗೆ ಬಿದ್ದಿದ್ದರೆ ಹೀಗಾಗುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಪೈಪ್ ಹಾಕಿ ಬಾಯಲ್ಲಿ ಎಳೆದುಬಿಟ್ಟರೆ ತಾನಾಗಿ ಸುರಿಯುತ್ತದಲ್ಲ, ಅದೇ ಕೆಲಸ ಇಲ್ಲಿ ನಡೆಯುತ್ತಿರುತ್ತದೆ. ಫ್ರಂಟ್ ಲೋಡ್ ಮೆಷಿನ್ನಿನ ಪೈಪಿನ ತುದಿ ಸಾಮಾನ್ಯವಾಗಿ ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಗೋಡೆಯ ಪೈಪಿನೊಳಗೆ ತೀರಾ ಆಳಕ್ಕೆ ತುರುಕಬಾರದು. ಸುತ್ತ ಟೇಪ್ ಸುತ್ತಿ ಗಾಳಿಯಾಡದಂತೆ ಮಾಡಲೂಬಾರದು.

ಟಾಪ್ ಲೋಡಿನವರು ಇಲ್ಲಿ ಜೋಪಾನ. ಪಂಪ್ ಇಲ್ಲದ ಟಾಪ್ ಲೋಡ್‌ಗಳಲ್ಲಿ ನೀರು ತನ್ನ ಭಾರಕ್ಕೇ ಇಳಿದುಹೋಗಬೇಕು. ಅವುಗಳ ಪೈಪ್ ನೆಲದ ಮೇಲೇ ಇರಬೇಕು. ಫ್ರಂಟ್ ಲೋಡಿಗೆ ಮಾಡಿದಂತೆ ಎತ್ತಿ ಕಟ್ಟಿದರೆ ನೀರು ಹೋಗುವುದೇ ಇಲ್ಲ. ಅಕ್ಕನ ಮನೆಯಲ್ಲಿ ಆಗಿದ್ದು ಇದೇ. ನೆಲ ಒರೆಸುವಾಗ ಅಡ್ಡ ಅಂತ ಪೈಪನ್ನು ಕಿಟಕಿ ಸರಳಿಗೆ ಕಟ್ಟಿದ್ದರು. ಬಿಚ್ಚಿ ಕೆಳಗೆ ಹಾಕಿದ ಕ್ಷಣಕ್ಕೆ ನೀರು ಹರಿಯಿತು.

ನೀರು ಹೊರಗೆ ಹೋಗುತ್ತಿಲ್ಲ

ಒಗೆಯುವುದು ಮುಗಿದಿದೆ, ಬಾಗಿಲು ತೆರೆಯುವುದಿಲ್ಲ, ಗಾಜಿನೊಳಗೆ ಸೋಪಿನ ನೀರು ಹಾಗೇ ನಿಂತಿದೆ. ಕೋಡು ಎಲ್‌ಜಿಯಲ್ಲಿ 'ಓಇ', ಸ್ಯಾಮ್‌ಸಂಗ್‌ನಲ್ಲಿ '5ಇ' ಅಥವಾ '5ಸಿ'. ಫ್ರಂಟ್ ಲೋಡಿನಲ್ಲಿ ಹೀಗಾದರೆ ಹತ್ತಕ್ಕೆ ಎಂಟು ಸಲ ನಾನು ನೋಡಿರುವುದು ಪಂಪಿನ ಫಿಲ್ಟರ್ ಕಟ್ಟಿಕೊಂಡಿರುವುದನ್ನೇ.

ಮೆಷಿನ್ನಿನ ಮುಂದೆ, ಕೆಳಗೆ ಒಂದು ಮೂಲೆಯಲ್ಲಿ ಚಿಕ್ಕ ಮುಚ್ಚಳ ಇರುತ್ತದೆ. ಅದರ ಹಿಂದೆ ದುಂಡನೆಯ ಬಿರಡೆ, ಎಷ್ಟೋ ಮಾಡೆಲ್‌ಗಳಲ್ಲಿ ಪಕ್ಕದಲ್ಲೇ ಒಂದು ಸಣ್ಣ ರಬ್ಬರ್ ಪೈಪ್. ಮೊದಲು ಆ ಸಣ್ಣ ಪೈಪ್ ಎಳೆದು ನೀರು ಇಳಿಸಿ. ಬಕೆಟ್ ಹಿಡಿಸುವುದಿಲ್ಲ, ಅಷ್ಟು ಕೆಳಗಿರುತ್ತದೆ. ಊಟದ ತಟ್ಟೆಯಂಥ ಅಗಲ ಪಾತ್ರೆ ಇಟ್ಟುಕೊಳ್ಳಿ, ನಾಲ್ಕೈದು ಸಲ ಚೆಲ್ಲಬೇಕಾಗುತ್ತದೆ. ಅವಸರದಲ್ಲಿ ನೇರವಾಗಿ ಬಿರಡೆ ಬಿಚ್ಚಿದರೆ ಒಳಗಿನ ನೀರೆಲ್ಲಾ ಒಮ್ಮೆಗೇ ನುಗ್ಗುತ್ತದೆ.

ನೀರು ಇಳಿದ ಮೇಲೆ ಬಿರಡೆಯನ್ನು ಎಡಕ್ಕೆ ತಿರುಗಿಸಿ ಎಳೆಯಿರಿ. ಏನು ಸಿಗುತ್ತದೆ ಅಂತ ನೀವು ಊಹಿಸಲಾರಿರಿ. ಸೋದರಮಾವನ ಮಗಳ ಮದುವೆ ಮುಗಿಸಿಕೊಂಡು ಬಂದ ವಾರ ನಮ್ಮ ಫಿಲ್ಟರಿನಲ್ಲಿ ಸಿಕ್ಕಿದ್ದು ಒಂದು ಹಿಡಿ ಅಕ್ಷತೆ. ಅರಿಶಿನ ಹಚ್ಚಿದ ಅಕ್ಕಿ ನೀರಲ್ಲಿ ಊದಿ, ಕೂದಲಿನ ಜೊತೆ ಸೇರಿ ಉಂಡೆ ಕಟ್ಟಿತ್ತು. ಅದರೊಳಗೆ ಸೀರೆಗೆ ಹಾಕಿದ್ದ ಎರಡು ಪಿನ್ನು, ಒಂದು ಬ್ಲೌಸ್ ಹುಕ್ಕು. ಜೇಬುಗಳ ಜೊತೆಗೆ ಶಲ್ಯದ ಮಡಿಕೆ, ಸೀರೆಯ ನೆರಿಗೆ, ಮಕ್ಕಳ ಲಂಗದ ಅಂಚನ್ನೂ ಕೊಡವಿ ಹಾಕಬೇಕು ಅಂತ ಅವತ್ತು ಗೊತ್ತಾಯಿತು.

ಫಿಲ್ಟರ್ ತೆಗೆದ ಗೂಡಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಹಿಂದೆ ಚಿಕ್ಕ ರೆಕ್ಕೆ ಕಾಣುತ್ತದೆ, ಅದೇ ಪಂಪಿನ ಚಕ್ರ. ಮೆಷಿನ್ ಪ್ಲಗ್ ಕಿತ್ತಿದೆ ಅಂತ ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ಒಂದು ಕಡ್ಡಿಯಿಂದ ಅದನ್ನು ತಿರುಗಿಸಿ. ಅದು ಸಲೀಸಾಗಿ ತಿರುಗುವುದಿಲ್ಲ, ತಡೆದು ತಡೆದು ತಿರುಗುತ್ತದೆ. ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಪಂಪಿನೊಳಗೆ ಅಯಸ್ಕಾಂತ ಇರುವುದರಿಂದ ಹಾಗೆ. ಒಂದಿಷ್ಟೂ ಅಲುಗದಿದ್ದರೆ ಮಾತ್ರ ರೆಕ್ಕೆಗೆ ಕೂದಲೋ ದಾರವೋ ಸುತ್ತಿರುತ್ತದೆ. ಹುಬ್ಬು ಕೀಳುವ ಚಿಮಟ ಅದಕ್ಕೆ ತುಂಬಾ ಚೆನ್ನಾಗಿ ಆಗುತ್ತದೆ. ತೆಗೆದಾದ ಮೇಲೆ ಬಿರಡೆ ಬಿಗಿಯಾಗಿ ಕೂರಿಸಿ, ಡ್ರಮ್ಮಿಗೆ ಎರಡು ಮಗ್ಗು ನೀರು ಸುರಿದು, ಕೆಳಗೆ ಒಂದು ಹನಿಯೂ ಇಣುಕುತ್ತಿಲ್ಲ ಅಂತ ನೋಡಿಕೊಂಡೇ ಮೆಷಿನ್ ಹಾಕಿ.

ಫಿಲ್ಟರ್ ಶುಚಿ, ರೆಕ್ಕೆ ತಿರುಗುತ್ತದೆ, ಹೊರಗಿನ ಪೈಪು ಮಡಚಿಲ್ಲ. ಆದರೂ ನೀರು ಹೋಗುತ್ತಿಲ್ಲವೆಂದರೆ ಸ್ಪಿನ್ ಹಾಕಿ ಕಿವಿಗೊಟ್ಟು ಕೇಳಿ. 'ಗುಂಯ್' ಅಂತ ಸದ್ದು ಬಂದು ನೀರು ಹೋಗದಿದ್ದರೆ ಪಂಪಿನಲ್ಲೋ ಪೈಪಿನ ಒಳಭಾಗದಲ್ಲೋ ಏನೋ ಸಿಕ್ಕಿಕೊಂಡಿದೆ. ಸದ್ದೇ ಇಲ್ಲದಿದ್ದರೆ ಪಂಪಿಗೆ ಕರೆಂಟು ಹೋಗುತ್ತಿಲ್ಲ, ಅಥವಾ ಪಂಪು ಸುಟ್ಟಿದೆ. ಅಲ್ಲಿಂದ ಮುಂದೆ ಮೆಕ್ಯಾನಿಕ್ ಕೆಲಸ.

ಒಳಗೆ ಕೂರುವ ಸುಣ್ಣ

ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬೆಂಗಳೂರಿಗೆ ಬರುತ್ತದೆ. ಅದು ಹೊಳೆ ನೀರು, ಮೆದು. ಬೋರ್‌ವೆಲ್ ನೀರು ಬಂಡೆಯ ಬಿರುಕುಗಳಲ್ಲಿ ನಿಂತು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುತ್ತದೆ. ಅದಕ್ಕೇ ಗಡಸು. ಮನೆಗಳಲ್ಲಿ ನಾವು ಅದನ್ನೇ ಉಪ್ಪುನೀರು ಅನ್ನುವುದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಕುಡಿಯಲು ಒಪ್ಪಿಗೆಯಾದ 600 ಬಟ್ಟೆ ಒಗೆಯುವ ಮೆಷಿನ್ನಿಗೆ ಬಹಳ ಕಷ್ಟದ ನೀರು.

ಈ ನೀರನ್ನು ಬಿಸಿ ಮಾಡಿದಾಗ ಸುಣ್ಣ ಬೇರೆಯಾಗಿ ಹೀಟರಿಗೆ ಅಂಟುತ್ತದೆ. ಸ್ನಾನದ ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಚಿಪ್ಪು ಕಟ್ಟುತ್ತದಲ್ಲ, ಅದೇ. ಚಿಪ್ಪು ದಪ್ಪವಾದಷ್ಟೂ ನೀರು ಕಾಯುವುದು ತಡ, ಕರೆಂಟು ಜಾಸ್ತಿ, ಕೊನೆಗೆ ಹೀಟರ್ ಬಿರುಕು ಬಿಡುತ್ತದೆ. ತಣ್ಣೀರಿನಲ್ಲಿ ಒಗೆದಾಗ ಏನೂ ಆಗುವುದಿಲ್ಲ, 60 ಡಿಗ್ರಿ ಇಟ್ಟ ದಿನ ಮಾತ್ರ ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ ಅಂದರೆ ಮೊದಲ ಅನುಮಾನ ಹೀಟರಿನ ಮೇಲೇ ಇರಲಿ. ಆರ್‌ಸಿಸಿಬಿ ತಪ್ಪಿಸಿ ಲೈನ್ ಕೊಡಿ ಅಂತ ಯಾರಿಗೂ ಹೇಳಬೇಡಿ. ಅದು ನಿಮ್ಮ ಮನೆಯವರ ಜೀವ ಕಾಯಲು ಇರುವುದು.

ಡ್ರಮ್ಮಿನ ಅಂಚಿನಲ್ಲಿ ಕಾಣುವ ಬಿಳಿ ಪದಾರ್ಥ ಸುಣ್ಣವಾ, ಕರಗದ ಸೋಪಿನ ಪುಡಿಯಾ? ಸ್ವಲ್ಪ ಕೆರೆದು ಒಂದು ಚಮಚದಲ್ಲಿ ಹಾಕಿ ಮೇಲೆ ನಿಂಬೆರಸ ಹಿಂಡಿ. ಸಣ್ಣ ಸಣ್ಣ ಗುಳ್ಳೆ ಎದ್ದು ಕರಗುತ್ತಾ ಹೋದರೆ ಸುಣ್ಣ ಅಂತ ತಿಳಿಯಬಹುದು. ಕೈಯಲ್ಲಿ ತಿಕ್ಕಿದಾಗ ಜಾರಿ ನೊರೆ ಬಂದರೆ ಸೋಪು. (ವಾಷಿಂಗ್ ಸೋಡಾ ಇರುವ ಪುಡಿಯೂ ಗುಳ್ಳೆ ಕೊಡಬಹುದು. ಅದಕ್ಕೇ ಎರಡೂ ಮಾಡಿ ನೋಡಿ.) ಮೊಸರಿನ ಕೆನೆಯಂತೆ ಜಿಡ್ಡಾಗಿ ಅಂಟಿಕೊಂಡಿದ್ದರೆ ಅದು ಎರಡೂ ಸೇರಿದ್ದು, ಗಡಸು ನೀರಿನಲ್ಲಿ ಸೋಪು ಹಾಗಾಗುತ್ತದೆ.

ಸುಣ್ಣ ತೆಗೆಯಲು ಅಂಗಡಿಯಲ್ಲಿ ಡೀಸ್ಕೇಲಿಂಗ್ ಪುಡಿ ಸಿಗುತ್ತದೆ, ಪೊಟ್ಟಣದ ಮೇಲೆ ಹೇಳಿದಂತೆ ಹಾಕಿ. ನಾನು ಬಳಸುವುದು ಸಿಟ್ರಿಕ್ ಆಸಿಡ್, ಅಂದರೆ ನಿಂಬೆಉಪ್ಪು. ಸುಮಾರು 100 ಗ್ರಾಂ ಖಾಲಿ ಡ್ರಮ್ಮಿಗೆ ಹಾಕಿ, ಬಟ್ಟೆ ಇಲ್ಲದೆ 60 ಡಿಗ್ರಿಯಲ್ಲಿ ಒಂದು ಸುತ್ತು ಓಡಿಸುತ್ತೇನೆ. ಆಮೇಲೆ ಬರೀ ನೀರಿನಲ್ಲಿ ಇನ್ನೊಂದು ಸುತ್ತು. ಬೋರ್‌ವೆಲ್ ನೀರಿದ್ದರೆ ಮೂರು ತಿಂಗಳಿಗೊಮ್ಮೆ ಸಾಕು. ಪದೇ ಪದೇ ಬೇಡ, ಹುಳಿ ಜಾಸ್ತಿಯಾದರೆ ಒಳಗಿನ ಲೋಹಕ್ಕೂ ಒಳ್ಳೆಯದಲ್ಲ. ಬಟ್ಟೆ ಬಿಳಿಮಾಡುವ ಬ್ಲೀಚನ್ನು ಇದರ ಜೊತೆ ಎಂದಿಗೂ ಸೇರಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಬರುತ್ತದೆ, ಅದು ವಿಷ.

ಸೋಪಿನ ಪುಡಿಯ ಲೆಕ್ಕವೂ ನೀರಿನ ಜೊತೆಗೇ ಬದಲಾಗಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮಲ್ಲಿ ವಾರದಲ್ಲಿ ಎರಡು ದಿನ ಕಾವೇರಿ, ಉಳಿದ ದಿನ ಬೋರ್‌ವೆಲ್. ಬೋರ್‌ವೆಲ್ ನೀರಿಗೆ ಸರಿಹೋಗುವಷ್ಟು ಪುಡಿಯನ್ನು ಕಾವೇರಿ ಬಂದ ದಿನ ಹಾಕಿದರೆ ನೊರೆ ಉಕ್ಕುತ್ತದೆ. ನೊರೆ ಜಾಸ್ತಿಯಾದರೆ ಮೆಷಿನ್ ಸ್ಪಿನ್ ಮಾಡದೆ ಮತ್ತೆ ಮತ್ತೆ ಜಾಲಿಸುತ್ತಾ ಕೂರುತ್ತದೆ, ಎರಡು ಗಂಟೆ ಆದರೂ ಮುಗಿಯುವುದಿಲ್ಲ. ಆಗ ಸುಮ್ನೆ ಮೆಷಿನ್ ಬೈಯುತ್ತೇವೆ. ಕೈಯಲ್ಲಿ ಒಗೆಯುವ ಪುಡಿಯನ್ನಂತೂ ಫ್ರಂಟ್ ಲೋಡಿಗೆ ಹಾಕಲೇಬೇಡಿ.

ಸದ್ದು, ವಾಸನೆ, ಇಲಿ

ಸದ್ದಿನಲ್ಲಿ ಮೂರು ಬಗೆ. 'ದಡ್ ದಡ್' ಅಂತ ಮೆಷಿನ್ನೇ ನಡೆದಾಡಿದರೆ ಭಾರ ಒಂದೇ ಕಡೆ ಸೇರಿದೆ. ಒಂದೇ ಒಂದು ದಪ್ಪ ಬೆಡ್‌ಶೀಟು, ಅಥವಾ ಸೀರೆಯೊಂದು ಮುದ್ದೆಯಾಗಿ ಪಂಚೆಯನ್ನು ಸುತ್ತಿಕೊಂಡಿರುತ್ತದೆ. ಬಿಡಿಸಿ ಹರಡಿ, ಜೊತೆಗೆ ಎರಡು ಟವೆಲ್ ಹಾಕಿ. ಆಮೇಲೂ ಕುಣಿದರೆ ನಾಲ್ಕು ಕಾಲೂ ನೆಲಕ್ಕೆ ಊರಿವೆಯಾ ಅಂತ ಮೂಲೆ ಮೂಲೆ ಒತ್ತಿ ನೋಡಿ. ಹೊಸ ಫ್ರಂಟ್ ಲೋಡ್ ಮೊದಲ ದಿನವೇ ಕುಣಿದರೆ ಸಾಗಿಸುವಾಗ ಡ್ರಮ್ ಅಲುಗದಿರಲಿ ಅಂತ ಹಿಂದೆ ಹಾಕಿದ್ದ ಬೋಲ್ಟುಗಳನ್ನು ತೆಗೆದಿರಲಿಕ್ಕಿಲ್ಲ. 'ಟಕ ಟಕ' ಅಂದರೆ ನಾಣ್ಯವೋ ಹುಕ್ಕೋ. ವೇಗ ಏರಿದಂತೆ ಬಸ್ಸಿನ ಇಂಜಿನ್‌ನಂತೆ 'ಗೊರ್' ಅಂತ ಜೋರಾದರೆ ಬೇರಿಂಗ್ ಸವೆದಿದೆ. ಖಾಲಿ ಡ್ರಮ್ಮಿನ ಅಂಚನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಹೊರಗಿನ ತೊಟ್ಟಿ ಅಲುಗದೆ ಡ್ರಮ್ ಒಂದೇ ಲಟಲಟ ಅಂದರೆ ಅನುಮಾನವೇ ಬೇಡ. ಆ ಕೆಲಸಕ್ಕೆ ಮೆಷಿನ್ ಪೂರ್ತಿ ಬಿಚ್ಚಬೇಕು. ಹಳೇ ಮೆಷಿನ್ ಆಗಿದ್ದರೆ ಖರ್ಚು ಕೇಳಿ ಆಮೇಲೆ ತೀರ್ಮಾನಿಸಿ.

ಮುಗ್ಗಲು ವಾಸನೆ ಬಂದರೆ ಬಾಗಿಲಿನ ರಬ್ಬರಿನ ಮಡಿಕೆ ಬಿಡಿಸಿ ಒಳಗೆ ಒರೆಸಿ. ಕಪ್ಪು ಬೂಷ್ಟು, ಕೂದಲು, ಒಂದು ಕಾಲುಚೀಲವೂ ಸಿಗಬಹುದು. ಒಗೆದಾದ ಮೇಲೆ ಬಾಗಿಲನ್ನೂ ಸೋಪಿನ ಡಬ್ಬಿಯನ್ನೂ ಸ್ವಲ್ಪ ತೆರೆದಿಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅವರು ಒಳಗೆ ಇಳಿಯದಂತೆ ನೋಡಿಕೊಳ್ಳಬೇಕು, ಅಲ್ವಾ? ಹಾಗಾಗಿ ಬಾಗಿಲು ತೆರೆದಿದ್ದಾಗ ಆ ಕೋಣೆಗೆ ಚಿಲಕ ಹಾಕಿರಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಾಗಿಲು ತೆರೆದಿಡುವ ಈ ಒಂದು ಅಭ್ಯಾಸ ಬಹಳ ಕೆಲಸಕ್ಕೆ ಬರುತ್ತದೆ.

ಇನ್ನು ಇಲಿ. ನಿನ್ನೆಯವರೆಗೆ ಚೆನ್ನಾಗಿದ್ದ ಮೆಷಿನ್ ಇವತ್ತು ಆನ್ ಆಗುತ್ತಿಲ್ಲ, ಅಥವಾ ಸಂಬಂಧವಿಲ್ಲದ ಕೋಡ್ ತೋರಿಸುತ್ತಿದೆ ಅಂದರೆ ಅಡಿಯಲ್ಲಿ ಟಾರ್ಚ್ ಬಿಟ್ಟು ಹಿಕ್ಕೆ ಇದೆಯಾ ನೋಡಿ. ಕಚ್ಚಿದ ವೈರಿಗೆ ಟೇಪ್ ಸುತ್ತುವ ಸಾಹಸ ಬೇಡ, ಮೆಕ್ಯಾನಿಕ್‌ಗೆ ಬಿಡಿ. ತಳಕ್ಕೆ ಇಲಿ ತಡೆಯುವ ತಗಡು ಹಾಕಿಸಿಕೊಳ್ಳಿ.

ಮೆಕ್ಯಾನಿಕ್ ಕರೆಯುವಾಗ

ಮಾಡೆಲ್ ನಂಬರ್, ತೋರಿಸಿದ ಕೋಡ್, ಯಾವ ಹಂತದಲ್ಲಿ ನಿಂತಿತು, ಯಾವ ನೀರು, ಜಾಲರಿ ಮತ್ತು ಫಿಲ್ಟರ್ ತೊಳೆದಾಯಿತು. ಇಷ್ಟನ್ನು ಫೋನಿನಲ್ಲೇ ಹೇಳಿ. ಬೋರ್ಡ್ ಹೋಗಿದೆ ಅಂದರೆ ವಾಲ್ವಿಗೆ, ಪಂಪಿಗೆ ಕರೆಂಟು ಬರುತ್ತಿದೆಯಾ ಅಂತ ಮೀಟರಿನಲ್ಲಿ ತೋರಿಸಲು ವಿನಯದಿಂದ ಕೇಳಿ. ಕೆಲಸ ಗೊತ್ತಿರುವವರು ಖುಷಿಯಿಂದಲೇ ತೋರಿಸುತ್ತಾರೆ. ಬದಲಾಯಿಸಿದ ಹಳೇ ಭಾಗವನ್ನು ಕೇಳಿ ನೋಡಿ.

ನಮ್ಮ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೆ ಜಾಲರಿ ಮತ್ತು ಫಿಲ್ಟರ್, ಮೂರನೇ ಅಮಾವಾಸ್ಯೆಗೆ ನಿಂಬೆಉಪ್ಪು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹೇಗೂ ಕಪ್ಪು ಚುಕ್ಕಿಯಾಗಿ ಕಾಣುತ್ತದೆ, ಮರೆಯುವುದಿಲ್ಲ. ಟ್ಯಾಂಕರ್ ನೀರು ಬಂದ ತಿಂಗಳು ಮಾತ್ರ ಕಾಯುವುದಿಲ್ಲ, ವಾರಕ್ಕೊಮ್ಮೆ ಜಾಲರಿ ಬಿಚ್ಚುತ್ತೇನೆ. ಊರಿಗೆ ಹೊರಟರೆ ಮೆಷಿನ್ನಿನ ನಲ್ಲಿ ಮುಚ್ಚಿ, ಪ್ಲಗ್ ಕಿತ್ತು, ಆಮೇಲೇ ಬಾಗಿಲಿಗೆ ಬೀಗ.